‘ಮೇಲಿನಿಂದ ಬಂದಿಲ್ಲ’ ಎಂಬ ಜಾಡ್ಯ

ನಿಮ್ಮ ಊರಿಗೆ ಸೇರಿದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅದರ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ನಡಾವಳಿ ಪುಸ್ತಕ ಕೇಳಿ ನೋಡಿ. ‘ಯಾಕೆ, ಏನಾಯ್ತು?’ ಎಂಬ ಮರುಪ್ರಶ್ನೆ ಮೊದಲು ಬರುತ್ತದೆ. ಆಮೇಲೆ, ಬೀರುವಿನ ಬೀಗದ ಕೈ ಇಟ್ಟುಕೊಂಡವರು ರಜೆಯಲ್ಲಿದ್ದಾರೆಂದು ತಿಳಿಯುತ್ತದೆ. ಪುಸ್ತಕ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಇಡೀ ವರ್ಷದ ಸಭೆಗಳ ನಡಾವಳಿ ಒಂದೇ ಕೈಬರಹದಲ್ಲಿ, ಒಂದೇ ಮಧ್ಯಾಹ್ನ ಕೂತು ಬರೆದ ಹಾಗಿರುತ್ತದೆ. ತಾರೀಖು ಮಾತ್ರ ಬೇರೆ ಬೇರೆ. ಕೆಳಗೆ ಸಹಿ ಹಾಕಿದವರಲ್ಲಿ ಒಬ್ಬರನ್ನು ಸಂತೆಯಲ್ಲಿ ನಿಲ್ಲಿಸಿ, ಆ ದಿನ ಏನು ತೀರ್ಮಾನವಾಯಿತೆಂದು ಕೇಳಿದರೆ ಅವರು ನಗುತ್ತಾರೆ. ‘ಪುಸ್ತಕ ಮನೆಗೇ ಕಳಿಸಿದ್ರು, ಹಾಕಿಕೊಟ್ಟೆ’ ಅನ್ನುತ್ತಾರೆ. ಹೀಗಿಲ್ಲದ ಕೇಂದ್ರಗಳೂ ಇವೆ. ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಉಳಿದವರು ಸ್ವಲ್ಪ ಕೇಳಿಸಿಕೊಳ್ಳಬೇಕು.

ಹಳ್ಳಿಯ ಆಸ್ಪತ್ರೆ ಯಾಕೆ ಹೀಗಿದೆ ಎಂದು ಯಾರನ್ನು ಕೇಳಿದರೂ ಉತ್ತರ ಒಂದೇ. ಔಷಧಿ ಯಾಕಿಲ್ಲ? ಮೇಲಿನಿಂದ ಬಂದಿಲ್ಲ. ನರ್ಸ್ ಯಾಕಿಲ್ಲ? ಮೇಲಿನಿಂದ ಬಂದಿಲ್ಲ. ಹೋದ ವರ್ಷ ಸೋರಿದ ಹೆರಿಗೆ ಕೋಣೆ ಈ ವರ್ಷವೂ ಯಾಕೆ ಸೋರುತ್ತಿದೆ? ಆದೇಶ ಬಂದಿಲ್ಲ. ಗ್ರಾಮ ಪಂಚಾಯಿತಿ ಸದಸ್ಯ, ವೈದ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಕೊನೆಗೆ ಶಾಸಕ ಕೂಡ ತನಗಿಂತ ಮೇಲೆ ಒಬ್ಬನಿದ್ದಾನೆಂದು ತೋರಿಸಿ ಪಾರಾಗುತ್ತಾನೆ. ಈ ಉತ್ತರ ಎಲ್ಲರಿಗೂ ಒಗ್ಗಿಹೋಗಿದೆ, ಯಾಕೆಂದರೆ ಇದನ್ನು ಹೇಳಿದ ಮೇಲೆ ಯಾರೂ ಏನೂ ಮಾಡಬೇಕಾಗಿಲ್ಲ. ನಮ್ಮ ಗ್ರಾಮೀಣ ಆರೋಗ್ಯ ವ್ಯವಸ್ಥೆಗೆ ಹಿಡಿದಿರುವ ಹಳೆಯ ಜಾಡ್ಯ ಇದು. ವೈದ್ಯರ ಕೊರತೆ, ಹಣದ ಕೊರತೆ ನಿಜವೇ. ಆದರೆ ಇರುವ ಹಣವನ್ನೂ ಇರುವ ಅಧಿಕಾರವನ್ನೂ ಮುಟ್ಟದೆ ಕೂತವರಿಗೆ ಕೊರತೆಯ ಮಾತಾಡುವ ಯೋಗ್ಯತೆ ಎಲ್ಲಿಂದ ಬರಬೇಕು?

ಅಧಿಕಾರವೇ ಇಲ್ಲ ಎನ್ನುವುದು ಮೊದಲ ನೆಪ. ಅದು ಸುಳ್ಳು. ಪ್ರತಿ ಹಳ್ಳಿಯಲ್ಲೂ ಐದರಿಂದ ಏಳು ಜನರ ಆರೋಗ್ಯ ಸಮಿತಿ ಇರಬೇಕೆಂದು, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದು ಸೇರಿಸಿದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯಗಳೂ ಸೇರಿದಂತೆ ಆರೋಗ್ಯ ಮತ್ತು ನೈರ್ಮಲ್ಯ ಒಂದು. ಅದೇ ವರ್ಷದ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಸಾಂಕ್ರಾಮಿಕ ರೋಗಗಳ ತಡೆಯನ್ನು ಗ್ರಾಮ ಪಂಚಾಯಿತಿಯ ಕರ್ತವ್ಯಗಳಲ್ಲಿ ಸೇರಿಸಿತು. ಶಿಕ್ಷಣ, ಸಾರ್ವಜನಿಕ ಆರೋಗ್ಯ ಮತ್ತು ಕಾಮಗಾರಿಗಳಿಗಾಗಿ ಪಂಚಾಯಿತಿಯೊಳಗೆ ಸೌಕರ್ಯ ಸಮಿತಿ ಎಂಬ ಸ್ಥಾಯಿ ಸಮಿತಿಯನ್ನೂ ಇಟ್ಟಿತು. ನಿಮ್ಮ ಪಂಚಾಯಿತಿಯ ಸೌಕರ್ಯ ಸಮಿತಿ ಕಳೆದ ಸಲ ಯಾವಾಗ ಸೇರಿತು, ಸೇರಿದಾಗ ಕಾಮಗಾರಿ ಬಿಲ್ಲು ಬಿಟ್ಟು ಬೇರೇನಾದರೂ ಮಾತಾಡಿತೇ ಎಂದು ಅಧ್ಯಕ್ಷರನ್ನು ಕೇಳಿ. ಅಂಥ ಸಮಿತಿ ಇದೆಯೆಂಬುದೇ ಅವರಿಗೆ ಗೊತ್ತಿಲ್ಲದಿದ್ದರೆ ಆಶ್ಚರ್ಯಪಡಬೇಡಿ.

ಆಸ್ಪತ್ರೆಯ ಅಧಿಕಾರ ಜನಪ್ರತಿನಿಧಿಗಳ ಕೈಗೆ ಬರುವುದು ಈ ನಾಡಿಗೆ ಹೊಸದೇನಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವ ಅಬ್ದುಲ್ ನಜೀರ್ ಸಾಬ್ ಹಟ ಹಿಡಿದು ತಂದ 1983ರ ಕಾಯ್ದೆಯ ಪ್ರಕಾರ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಐಎಎಸ್ ಅಧಿಕಾರಿ ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಕೂತರು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಪರಿಷತ್ತಿನ ಆಡಳಿತಕ್ಕೆ ಬಂದವು. ಆ ಕಾಲದ ಪ್ರಯೋಗವನ್ನು ಅಧ್ಯಯನ ಮಾಡಿದವರು ಕಂಡ ಒಂದು ಸಂಗತಿ ಸರಳವಾಗಿತ್ತು: ಶಾಲೆಗೆ ಮೇಷ್ಟರು, ಆಸ್ಪತ್ರೆಗೆ ಡಾಕ್ಟರು ಬರುವುದು ಹೆಚ್ಚಾಯಿತು. ಬರದವರನ್ನು ಕೇಳುವವರು ಪಕ್ಕದ ಊರಿನಲ್ಲೇ ಇದ್ದರು, ಅಷ್ಟೆ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಆಡಳಿತಾಧಿಕಾರಿಗಳು ಬಂದು ಕೂತರು. ನಾವು ಈಗಲೂ ನಜೀರ್ ಸಾಬರ ಫೋಟೊಗೆ ಹಾರ ಹಾಕುತ್ತೇವೆ, ಭಾಷಣ ಮಾಡುತ್ತೇವೆ. ಅವರು ಅಧಿಕಾರಶಾಹಿಯಿಂದ ಕಿತ್ತು ಕೊಟ್ಟದ್ದನ್ನು ಮಾತ್ರ ಒಂದೊಂದಾಗಿ ಅಧಿಕಾರಶಾಹಿಗೇ ವಾಪಸ್ ಕೊಟ್ಟಿದ್ದೇವೆ.

ಹಣವಿಲ್ಲ ಎನ್ನುವುದು ಎರಡನೇ ನೆಪ. 2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಪ್ರತಿ ಹಳ್ಳಿಯ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಅನ್‌ಟೈಡ್ ಫಂಡ್ ಇಟ್ಟಿತು. ಇಂಥದಕ್ಕೇ ಖರ್ಚು ಮಾಡಿ ಎಂಬ ಕಟ್ಟುಪಾಡಿಲ್ಲದ, ಊರಿನ ತೀರ್ಮಾನಕ್ಕೆ ಬಿಟ್ಟ ಹಣ ಅದು. ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ, ತಿಂಗಳಿಗೊಂದು ಸಭೆ ಎಂಬುದು ಆಮೇಲೆ ಬಂದ ನಿಯಮ. ಆ ಹಣವನ್ನು ದಿನಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತೇಳು ರೂಪಾಯಿ. ಇದರಲ್ಲಿ ಏನಾಗುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ಕಡಿಮೆಯೇ ಹೌದು. ಆದರೆ ನಡುರಾತ್ರಿ ಹೆರಿಗೆ ನೋವು ಬಂದ ಬಡವಳಿಗೆ ಗಾಡಿ ಬಾಡಿಗೆ ಕೊಡಲು, ತೊಟ್ಟಿಗೆ ಬ್ಲೀಚಿಂಗ್ ಪುಡಿ ತರಲು, ಅಂಗನವಾಡಿಯ ಕೆಟ್ಟ ತೂಕದ ಯಂತ್ರ ಬದಲಿಸಲು ಅದು ಸಾಕು. ಮಾರ್ಚ್ ಕೊನೆಯ ವಾರ ತಾಲ್ಲೂಕಿನಿಂದ ‘ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಕಳಿಸಿ’ ಎಂಬ ಫೋನು ಬಂದಾಗ, ಫಿನಾಯಿಲು, ಬ್ಯಾನರು, ಗೋಡೆ ಬರಹದ ಬಿಲ್ಲು ಸೇರಿಸಿ ಖಾತೆ ಸೊನ್ನೆ ಮಾಡುವ ಅಭ್ಯಾಸ ಮಾತ್ರ ಬೇರೆ ಮಾತು. ಹೊಳೆಗೆ ಸುರಿದರೂ ಅಳೆದು ಸುರಿ ಎಂದ ಹಿರಿಯರ ಮೊಮ್ಮಕ್ಕಳು ನಾವು. ಅಳೆಯುವುದನ್ನು ಬಿಟ್ಟು ಸುರಿಯುವುದನ್ನಷ್ಟೇ ಉಳಿಸಿಕೊಂಡಿದ್ದೇವೆ.

ಇನ್ನು ದೊಡ್ಡ ಮೊತ್ತದ ಮಾತು. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು ದೇಶಕ್ಕೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ ಗ್ರಾಮೀಣ ಭಾಗದ ಪಾಲು 43,928 ಕೋಟಿ. ಕಟ್ಟಡವಿಲ್ಲದ ಉಪಕೇಂದ್ರಗಳಿಗೆ ಕಟ್ಟಡ, ಉಪಕೇಂದ್ರದಲ್ಲೇ ರಕ್ತ-ಮೂತ್ರ ಪರೀಕ್ಷೆ, ತಾಲ್ಲೂಕು ಮಟ್ಟದ ಆರೋಗ್ಯ ಘಟಕ ಎಂದು ಬಾಬುಗಳನ್ನೂ ಹೇಳಿತು. ಹಣಕಾಸು ಆಯೋಗವೊಂದು ಆರೋಗ್ಯದ ಹಣವನ್ನು ಸ್ಥಳೀಯ ಸಂಸ್ಥೆಯ ಹೆಸರಿಗೆ ಬರೆದದ್ದು ಸಣ್ಣ ಸಂಗತಿಯಲ್ಲ. ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಲ್ಲಿ ಎಷ್ಟು ಜನ ಈ ಹಣದ ಹೆಸರು ಕೇಳಿದ್ದಾರೆ? ಕೇಳಿದ್ದರೆ, ನಮ್ಮ ಉಪಕೇಂದ್ರ ಪಟ್ಟಿಯಲ್ಲಿದೆಯೇ ಎಂದು ಒಂದು ಪತ್ರವನ್ನಾದರೂ ಬರೆದಿದ್ದಾರೆಯೇ?

ಆರೋಗ್ಯ ಡಾಕ್ಟರರ ವಿಷಯ, ನಮಗೇನು ಗೊತ್ತು ಎಂದು ಸದಸ್ಯರು ಕೈ ಎತ್ತುತ್ತಾರೆ. 2023ರ ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರು ಕುಡಿದು ಊರಿಗೆ ಊರೇ ವಾಂತಿಭೇದಿಯಿಂದ ನರಳಿತು, ಮಗುವೊಂದು ಸತ್ತಿತು. ಇದರಲ್ಲಿ ಡಾಕ್ಟರರ ವಿಷಯ ಎಷ್ಟು, ಪಂಚಾಯಿತಿಯ ವಿಷಯ ಎಷ್ಟು? ಕುಡಿಯುವ ನೀರಿನ ಪೈಪು ಚರಂಡಿ ದಾಟುವ ಜಾಗ ನೀರುಗಂಟಿಗೆ ಗೊತ್ತಿರುತ್ತದೆ. ಯಾವ ಕೇರಿಯಲ್ಲಿ ಮಕ್ಕಳಿಗೆ ಭೇದಿ ಶುರುವಾಯಿತೆಂಬುದು ಆಶಾಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ನೀರು ಒಂದು ಇಲಾಖೆಯದು, ರೋಗ ಇನ್ನೊಂದು ಇಲಾಖೆಯದು. ಈ ಎರಡು ತಿಳಿವಳಿಕೆ ಒಂದೇ ಜಮಖಾನದ ಮೇಲೆ ಕೂತು ಮಾತಾಡಲೆಂದೇ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬ ಆ ಹಳ್ಳಿ ಸಮಿತಿಯನ್ನು ಮಾಡಿದ್ದು. ತಿಂಗಳ ಸಭೆಯನ್ನು ಕಾಗದದ ಮೇಲೆ ಮುಗಿಸುವ ಊರಿನಲ್ಲಿ ಅವೆರಡೂ ಭೇಟಿಯಾಗುವುದು ಆಂಬುಲೆನ್ಸ್ ಬಂದ ಮೇಲೆ. ಹೊಸ ಚರಂಡಿಗೆ ಗುದ್ದಲಿ ಪೂಜೆ ಮಾಡಿ ಫೋಟೊ ಹಾಕಿಸುವ ಸದಸ್ಯರು ಅದೇ ಚರಂಡಿಯೊಳಗೆ ಹಾದುಹೋದ ನೀರಿನ ಪೈಪನ್ನು ನೋಡದಿದ್ದರೆ, ಅದನ್ನು ಅಜ್ಞಾನ ಎನ್ನಲಾಗದು.

ವೈದ್ಯಾಧಿಕಾರಿಗಳೂ ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. ಹೊರರೋಗಿಗಳ ಸಾಲು, ಆನ್‌ಲೈನ್ ವರದಿಗಳು, ಪಕ್ಕದ ಕೇಂದ್ರದ ಹೆಚ್ಚುವರಿ ಹೊಣೆ, ಇವೆಲ್ಲದರ ನಡುವೆ ಅವರು ಹೈರಾಣಾಗಿರುವುದು ನಿಜ. ಆದರೆ ಗ್ರಾಮಸಭೆಗೆ ಕರೆದರೆ ಕಿರಿಯ ಸಿಬ್ಬಂದಿಯನ್ನು ಕಳಿಸಿ, ‘ಅಲ್ಲಿ ಬರೀ ಬೈಗುಳ’ ಎನ್ನುವವರು, ಯಾರಿಗಾಗಿ ಕೆಲಸ ಮಾಡುತ್ತೇವೋ ಅವರಿಗೆ ಲೆಕ್ಕ ಕೊಡುವುದನ್ನೇ ಅವಮಾನ ಅಂದುಕೊಂಡಿದ್ದಾರೆ. ಹಾವು ಕಡಿತಕ್ಕೆ ಔಷಧಿ ಎಷ್ಟು ಬಾಟಲಿ ಇದೆ, ಯಾವ ಹುದ್ದೆ ಎಷ್ಟು ತಿಂಗಳಿಂದ ಖಾಲಿ, ಸಮಿತಿಯ ಖಾತೆಯಲ್ಲಿ ಎಷ್ಟು ಹಣ ಉಳಿದಿದೆ ಎಂಬ ಮೂರು ಸಾಲನ್ನು ಸಭೆಯಲ್ಲಿ ಓದಿ ಹೇಳಿದ ವೈದ್ಯರ ಪರವಾಗಿ ಊರೇ ತಾಲ್ಲೂಕಿಗೆ ಬರುತ್ತದೆ. ಮುಚ್ಚಿಟ್ಟವರು ಬೈಗುಳ ತಿನ್ನುತ್ತಾರೆ. ಬೈಗುಳಕ್ಕೆ ಹೆದರಿ ಮುಚ್ಚಿಡುವುದು, ಮುಚ್ಚಿಟ್ಟದ್ದಕ್ಕೆ ಬೈಸಿಕೊಳ್ಳುವುದು ಎಂಬ ಈ ಸುತ್ತನ್ನು ಮೊದಲು ಮುರಿಯಬೇಕಾದವರು ಓದಿದವರೇ.

ಔಷಧಿಯ ವಿಷಯದಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ವಿಕೇಂದ್ರೀಕರಣ ಎಂದರೆ ಪ್ರತಿ ಪಂಚಾಯಿತಿಯೂ ಮಾತ್ರೆ ಖರೀದಿಗೆ ಟೆಂಡರು ಕರೆಯಬೇಕೆಂದಲ್ಲ. ತಮಿಳುನಾಡಿನ ವೈದ್ಯಕೀಯ ಸೇವಾ ನಿಗಮ 1995ರಿಂದ ಇಡೀ ರಾಜ್ಯಕ್ಕೆ ಒಟ್ಟಾಗಿ ಖರೀದಿಸುತ್ತಿದೆ. ಗುಣಮಟ್ಟ ಪರೀಕ್ಷೆಯೂ ದರದ ಚೌಕಾಶಿಯೂ ಅಲ್ಲೇ. ಆದರೆ ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ ಇದೆ. ನಿಗದಿಯಾದ ಮೊತ್ತದೊಳಗೆ ಏನು ಬೇಕು, ಎಷ್ಟು ಬೇಕು ಎಂದು ಆಸ್ಪತ್ರೆ ಹೇಳುತ್ತದೆ, ಜಿಲ್ಲೆಯ ಗೋದಾಮಿನಿಂದ ತರುತ್ತದೆ, ಪುಸ್ತಕದಲ್ಲಿ ಕಳೆಯುತ್ತದೆ. ಕೊಳ್ಳುವ ಕೆಲಸ ಮೇಲೆ, ಬೇಡಿಕೆಯ ತೀರ್ಮಾನ ಕೆಳಗೆ. ನಮ್ಮ ಕೇಂದ್ರಗಳಲ್ಲಿ ಹೋದ ವರ್ಷದ ಇಂಡೆಂಟನ್ನೇ ಶೇಕಡಾ ಹತ್ತು ಏರಿಸಿ ಕಳಿಸುವವರು, ಬೇಡದ ಸಿರಪ್ಪಿನ ಪೆಟ್ಟಿಗೆಗಳು ಅವಧಿ ಮೀರಿ ಮೂಲೆ ಸೇರಿದಾಗ ಬೆಂಗಳೂರನ್ನು ಬೈಯುತ್ತಾರೆ. ಬೆಂಗಳೂರು ಕಳಿಸಿದ್ದು ನೀವು ಬರೆದದ್ದನ್ನೇ ಅಲ್ಲವೇ?

ಜಿಲ್ಲೆಯ ಕಚೇರಿಗಳ ಕಥೆ ಇನ್ನೊಂದು ಬಗೆಯದು. ಹಳ್ಳಿಯ ಯೋಜನೆಗಳು ಕೂಡಿ ತಾಲ್ಲೂಕಿನದಾಗಬೇಕು, ತಾಲ್ಲೂಕಿನವು ಕೂಡಿ ಜಿಲ್ಲೆಯದಾಗಬೇಕು ಎಂಬುದು ಆರೋಗ್ಯ ಅಭಿಯಾನದ ಮೂಲ ವಿಚಾರ. ನಡೆಯುವುದೇನು? ರಾಜ್ಯದಿಂದ ನಮೂನೆ ಬರುತ್ತದೆ, ‘ನಾಳೆ ಸಂಜೆಯೊಳಗೆ’ ಎಂಬ ಷರಾ ಸಮೇತ. ಕಂಪ್ಯೂಟರಿನ ಮುಂದೆ ಕೂತ ಗುತ್ತಿಗೆ ನೌಕರ ಹೋದ ವರ್ಷದ ಅಂಕಿ ತಿದ್ದಿ ತುಂಬುತ್ತಾನೆ. ಹಳ್ಳಿಯಿಂದ ಬಂದ ಯೋಜನೆ ಎಂಬ ಹಣೆಪಟ್ಟಿ ಹೊತ್ತು ಆ ಕಡತ ಮೇಲೆ ಹೋಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಸಂವಿಧಾನ ಕೊಟ್ಟದ್ದನ್ನು ಒಂದು ಎಕ್ಸೆಲ್ ಹಾಳೆ ಕಸಿದುಕೊಂಡಿದೆ.

ಹೀಗೆ ಕಸಿದುಕೊಂಡರೆ ಏನು ನಷ್ಟ ಎಂದು ಕೇಳುವವರು ಮಲೆನಾಡಿನ ಮಂಗನ ಕಾಯಿಲೆಯನ್ನು ನೋಡಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು. ಹರಡುವುದು ಉಣುಗಿನಿಂದ. ಚಳಿಗಾಲದಲ್ಲಿ ಶುರುವಾಗಿ ಮಳೆ ಹಿಡಿಯುವವರೆಗೆ ಕಾಡುತ್ತದೆ. ಮೊದಲ ಸೂಚನೆ ಸತ್ತ ಮಂಗ. ಆ ಮಂಗವನ್ನು ನೋಡುವವರು ದರಗು ಗುಡಿಸಲು ಹೋದ ಹೆಂಗಸರು, ದನ ಕಾಯುವವರು, ಅರಣ್ಯ ಇಲಾಖೆಯ ವಾಚರು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜ್ವರ ಕಾಣಿಸಿಕೊಂಡು ಒಂದರ ಹಿಂದೆ ಒಂದು ಸಾವು ಸಂಭವಿಸಿದಾಗ ರಾಜ್ಯವೆಲ್ಲ ಎಚ್ಚೆತ್ತಿತು. ಕಾಡಿಗೆ ಹೋಗುವ ಮನೆಗಳು ಯಾವುವು, ಯಾವ ಬ್ಯಾಣ, ಯಾವ ಸೊಪ್ಪಿನಬೆಟ್ಟದ ಕಡೆ ಮಂಗ ಸತ್ತಿತು, ಮೈಗೆ ಹಚ್ಚುವ ಡೆಪಾ ಎಣ್ಣೆ ಯಾರಿಗೆ ತಲುಪಿಲ್ಲ ಎಂಬುದನ್ನು ಬೆಂಗಳೂರಿನ ಯಾವ ನಿರ್ದೇಶನಾಲಯವೂ ತಿಳಿಯಲಾರದು. ದೀಪಾವಳಿಯ ಹೊತ್ತಿಗೆ ಪಂಚಾಯಿತಿಯೇ ಮನೆಪಟ್ಟಿ ಮಾಡಿ, ಎಣ್ಣೆ ತರಿಸಿ, ಮಂಗ ಸತ್ತರೆ ಯಾರಿಗೆ ಫೋನು ಮಾಡಬೇಕೆಂದು ಊರಿಗೆ ಹೇಳಬೇಕಾದ ರೋಗ ಇದು. ಅದನ್ನು ಜನವರಿಯ ಸುತ್ತೋಲೆಗೆ ಬಿಟ್ಟರೆ ಸುತ್ತೋಲೆಗಿಂತ ಉಣುಗು ಬೇಗ ಬರುತ್ತದೆ.

ಈಗ ಶಾಸಕರ ಮತ್ತು ಸರ್ಕಾರಗಳ ಸರದಿ. ಬಹುವಚನವನ್ನು ಬೇಕೆಂದೇ ಬಳಸಿದ್ದೇನೆ. ಈ ವಿಷಯದಲ್ಲಿ ಪಕ್ಷಭೇದವಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು. ಮೀಸಲಾತಿ ಪಟ್ಟಿ, ಕೋರ್ಟು, ಮುಂದೂಡಿಕೆ ಎಂದು ವರ್ಷಗಳನ್ನೇ ಉರುಳಿಸಿದರು. ಜಿಲ್ಲಾ ಪಂಚಾಯಿತಿಯ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಸೇರಬೇಕೆಂದರೆ ಸದಸ್ಯರೇ ಇಲ್ಲದ ಸ್ಥಿತಿ ಬಂತು. ಜಿಲ್ಲಾ ಆರೋಗ್ಯಾಧಿಕಾರಿಯನ್ನು ಎದುರು ಕೂರಿಸಿಕೊಂಡು ಪ್ರಶ್ನಿಸುವ ಚುನಾಯಿತ ವೇದಿಕೆಯೇ ಮಾಯವಾದಾಗ ಯಾವ ಊರಿನಲ್ಲೂ ಬಂದ್ ಆಗಲಿಲ್ಲ, ಟೈರು ಸುಡಲಿಲ್ಲ. ನಮ್ಮ ಈ ಮೌನವನ್ನು ಲೆಕ್ಕ ಹಾಕಿಯೇ ಅವರು ಚುನಾವಣೆ ಮುಂದೂಡಿದ್ದು. ನರ್ಸಿನ ವರ್ಗಾವಣೆಯಿಂದ ಆಂಬುಲೆನ್ಸಿನ ಹಸಿರು ನಿಶಾನೆಯವರೆಗೆ ಎಲ್ಲವೂ ಶಾಸಕರ ಕೃಪೆಯಾಗಿ ಕಾಣಬೇಕೆಂದರೆ ನಡುವೆ ಬೇರೆ ಪ್ರತಿನಿಧಿಗಳು ಇರಬಾರದು.

‘ಪಂಚಾಯಿತಿ ಕೈಗೆ ಆಸ್ಪತ್ರೆ ಕೊಟ್ಟರೆ ರಾಜಕೀಯ ಹೊಕ್ಕು ಹಾಳಾಗುತ್ತದೆ’ ಎಂಬ ಆಕ್ಷೇಪ ಹಳೆಯದು. ಈಗ ರಾಜಕೀಯ ಇಲ್ಲವೇ? ಶಿಫಾರಸು ಪತ್ರ ಹಿಡಿದು ವರ್ಗಾವಣೆ ಮಾಡಿಸಿಕೊಳ್ಳುವುದು, ಹಳ್ಳಿಯ ಹುದ್ದೆಯ ಸಂಬಳ ಪಡೆದು ನಿಯೋಜನೆಯ ಮೇಲೆ ಪಟ್ಟಣದಲ್ಲಿ ಕೂರುವುದು ಯಾವ ಶಾಸ್ತ್ರ? ಡಾ. ಎಚ್. ಸುದರ್ಶನ್ ನೇತೃತ್ವದ ಆರೋಗ್ಯ ಕಾರ್ಯಪಡೆ 2001ರಲ್ಲೇ ತನ್ನ ಅಂತಿಮ ವರದಿಯಲ್ಲಿ ಭ್ರಷ್ಟಾಚಾರವನ್ನು ಈ ವ್ಯವಸ್ಥೆಯ ದೊಡ್ಡ ರೋಗವೆಂದು ಗುರುತಿಸಿತ್ತು. ಆಗ ಆಸ್ಪತ್ರೆಗಳು ಗ್ರಾಮ ಪಂಚಾಯಿತಿಯ ಕೈಯಲ್ಲಿರಲಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಊರಿನ ಅಧಿಕಾರ ಎಂದರೆ ಊರ ಗೌಡರ ಅಧಿಕಾರವಾಗಿ, ಕೇರಿಯ ಕಡೆ ಯಾರೂ ತಿರುಗಿ ನೋಡದೆ ಹೋಗಬಹುದು. ಇದನ್ನು ತಳ್ಳಿಹಾಕುವವರು ಹಳ್ಳಿ ನೋಡದವರು. ಆದರೆ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾದ, ದಲಿತ ಸದಸ್ಯರು ಕೂತಿರುವ ಗ್ರಾಮ ಪಂಚಾಯಿತಿಗಿಂತ ಜಿಲ್ಲಾ ಕಚೇರಿ ಕೇರಿಗೆ ಹತ್ತಿರವಾಗಿದೆಯೇ? ಗೌಡರ ಜಗಲಿಯಲ್ಲಿ ನಡೆಯುವ ಸಭೆಯನ್ನು ಕೇರಿಯ ಅಂಗನವಾಡಿಗೆ ಒಯ್ಯಿರಿ, ವಾರ್ಡ್ ಸಭೆಯಲ್ಲಿ ಖರ್ಚಿನ ಪಟ್ಟಿ ಗಟ್ಟಿಯಾಗಿ ಓದಿಸಿರಿ. ಅಧಿಕಾರ ತಪ್ಪು ಕೈಗೆ ಹೋಗುವುದನ್ನು ತಡೆಯುವ ದಾರಿ ಅದು. ಅಧಿಕಾರವನ್ನೇ ಕೊಡದಿರುವುದು ದಾರಿಯಲ್ಲ.

ಪಕ್ಕದ ಕೇರಳದಲ್ಲಿ 1996ರ ಆಗಸ್ಟ್‌ನಲ್ಲಿ ಜನಕೀಯ ಯೋಜನೆ ಶುರುವಾದಾಗ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಪ್ರಾಥಮಿಕ ಆರೋಗ್ಯ ಕೇಂದ್ರ ಗ್ರಾಮ ಪಂಚಾಯಿತಿಯ ಸುಪರ್ದಿಗೆ ಬಂತು, ಸಂಬಳ ರಾಜ್ಯವೇ ಕೊಟ್ಟಿತು. ಅಲ್ಲೂ ವೈದ್ಯರು ಮುಖ ಗಂಟಿಕ್ಕಿದರು, ಎಡವಟ್ಟುಗಳೂ ಆದವು. ಆದರೂ ಹಾಸಿಗೆ ಹಿಡಿದವರ ಮನೆಗೆ ನರ್ಸನ್ನು ಕಳಿಸುವ ಉಪಶಾಮಕ ಆರೈಕೆ 2008ರ ನೀತಿಯ ಮೇಲೆ ಪಂಚಾಯಿತಿಗಳ ಕೆಲಸವಾಯಿತು. ಆಮೇಲೆ ಕುಟುಂಬ ಆರೋಗ್ಯ ಕೇಂದ್ರಗಳು ಬಂದಾಗ, ಮಧ್ಯಾಹ್ನದ ನಂತರವೂ ರೋಗಿಗಳನ್ನು ನೋಡಲೆಂದು ಪಂಚಾಯಿತಿಗಳು ತಮ್ಮ ಹಣದಲ್ಲೇ ಹೆಚ್ಚುವರಿ ವೈದ್ಯರನ್ನು ನೇಮಿಸಿಕೊಂಡವು. ‘ಅವರು ಕೇರಳದವರು ಬಿಡಿ’ ಎಂಬ ಮಾತನ್ನು ಇಲ್ಲಿ ತರಬೇಡಿ. ಅವರು ಹಾಗೆ ಹೊರಡುವ ಒಂಬತ್ತು ವರ್ಷ ಮೊದಲೇ ನಾವು ಜಿಲ್ಲಾ ಪರಿಷತ್ತು ಮಾಡಿ ತೋರಿಸಿದವರು.

ಕೊನೆಗೆ ಊರಿನವರು. 2007ರಿಂದ 2009ರವರೆಗೆ ಒಂಬತ್ತು ರಾಜ್ಯಗಳಲ್ಲಿ ಸಮುದಾಯವೇ ಆಸ್ಪತ್ರೆಯ ಮೌಲ್ಯಮಾಪನ ಮಾಡುವ ಪ್ರಯೋಗ ನಡೆಯಿತು. ಊರಿನವರೇ ಕೂತು ಪ್ರತಿ ಸೇವೆಗೂ ಹಸಿರು, ಹಳದಿ, ಕೆಂಪು ಗುರುತು ಹಾಕುತ್ತಿದ್ದರು. ಕರ್ನಾಟಕವೂ ಆ ಒಂಬತ್ತರಲ್ಲಿ ಒಂದು. ಮಹಾರಾಷ್ಟ್ರ ಅದನ್ನು ವರ್ಷಗಟ್ಟಲೆ ಮುಂದುವರಿಸಿತು, ನಾವು ಮರೆತೆವು. ಮರೆಯುವುದು ಸುಲಭವಾಯಿತು, ಯಾಕೆಂದರೆ ಊರಿನಲ್ಲಿ ದನಿಯಿರುವವರು ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟು ಬಹಳ ಕಾಲವಾಯಿತು. ಬೈಕು, ಕಾರು ಇರುವವರು ಪಟ್ಟಣದ ನರ್ಸಿಂಗ್ ಹೋಮಿಗೆ ಹೋಗುತ್ತಾರೆ. ಉಪಕೇಂದ್ರದ ಬಾಗಿಲಲ್ಲಿ ಉಳಿಯುವವರು ಕೂಲಿ ಬಿಟ್ಟು ಬಂದ ಹೆಂಗಸರು ಮತ್ತು ಮುದುಕರು. ಅವರ ದೂರನ್ನು ಬರೆದುಕೊಳ್ಳುವವರಿಲ್ಲ. ಇಡೀ ವ್ಯವಸ್ಥೆಯನ್ನು ಹೊತ್ತು ತಿರುಗುವ ಆಶಾಗಳು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ, ಅವರ ಪರವಾಗಿ ಠರಾವು ಮಾಡಿ ಕಳಿಸಿದ ಗ್ರಾಮಸಭೆಗಳೆಷ್ಟು?

ಮಾಡಬೇಕಾದದ್ದರಲ್ಲಿ ಗುಟ್ಟೇನಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ಇನ್ನೆಂದೂ ಮುಂದಕ್ಕೆ ಹೋಗದಂತೆ ಕಾನೂನಿನಲ್ಲೇ ಬಿಗಿ ಮಾಡಬೇಕು. ಆರೋಗ್ಯ ಕೇಂದ್ರದ ಸಿಬ್ಬಂದಿಯ ರಜೆ ಮತ್ತು ಹಾಜರಿಯನ್ನು ಪರಿಶೀಲಿಸುವ ಅಧಿಕಾರ ಪಂಚಾಯಿತಿಗೆ ಬೇಕು, ಚಿಕಿತ್ಸೆಯ ವಿಷಯದಲ್ಲಿ ತಲೆಹಾಕದಂತೆ ಗೆರೆಯೂ ಬೇಕು. ಇವು ಸರ್ಕಾರ ಮಾಡಬೇಕಾದವು, ಇವುಗಳಿಗಾಗಿ ಜಗಳವಾಡಬೇಕು. ಆದರೆ ಜಗಳ ಮುಗಿಯುವವರೆಗೆ ಕಾಯಬೇಕಿಲ್ಲದ ಕೆಲಸವೂ ಇದೆ. ಪ್ರತಿ ವರ್ಷ ಅಕ್ಟೋಬರ್ 2ರಿಂದ ಗ್ರಾಮ ಪಂಚಾಯಿತಿಗಳು ಮುಂದಿನ ವರ್ಷದ ಅಭಿವೃದ್ಧಿ ಯೋಜನೆಗೆ ಗ್ರಾಮಸಭೆ ಸೇರಿಸಿ ಕೂರುತ್ತವೆ. ಅಲ್ಲಿ ವೈದ್ಯಾಧಿಕಾರಿಯನ್ನು ಕರೆಸಿ ಪ್ರಶ್ನೆ ಕೇಳಲು, ನೀರಿನ ಪರೀಕ್ಷೆಗೂ ಉಪಕೇಂದ್ರದ ರಿಪೇರಿಗೂ ಹಣ ಇಡಲು ಯಾವ ಆದೇಶವೂ ಮೇಲಿನಿಂದ ಬರಬೇಕಿಲ್ಲ. ಆ ಯೋಜನೆಯಲ್ಲಿ ಆರೋಗ್ಯಕ್ಕೆ ಒಂದು ಸಾಲೂ ಇಲ್ಲದೆ ಹೋದರೆ, ಮುಂದಿನ ಬೇಸಿಗೆಯಲ್ಲಿ ವಾಂತಿಭೇದಿ ಬಂದಾಗ ಸರ್ಕಾರವನ್ನು ಬೈಯಲು ಬಾಯಿ ತೆರೆಯುವ ಪ್ರತಿಯೊಬ್ಬರೂ ಮೊದಲು ಆ ಗ್ರಾಮಸ‌ಭೆಯ ಹಾಜರಿ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿಕೊಂಡು ಬರಲಿ.